ಶಟರಿನ ಆಚೆ ಒರಗಿದವರು

ಹೊಳೆದಂಡೆಯ ಊರೊಂದರ ಅಗ್ನಿಶಾಮಕ ಠಾಣೆಗೆ ಮೇಲಿನವರು ಒಂದು ಗರಗಸ ಕೊಟ್ಟರು. ಪೆಟ್ರೋಲ್ ಹಾಕಿ ಹಗ್ಗ ಜಗ್ಗಿದರೆ ಕಬ್ಬಿಣದ ಶಟರನ್ನೇ ಕೊಯ್ಯುವ ಗರಗಸ.

ಕೊಯ್ದು ಕಲಿಯಲು ಏನನ್ನೂ ಕೊಡಲಿಲ್ಲ. ಕಲಿಸುವವರನ್ನೂ ಕಳಿಸಲಿಲ್ಲ.

ಠಾಣಾಧಿಕಾರಿ ಸಾಹೇಬರು ಅದನ್ನು ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೆಟ್ಟರೆ ಉತ್ತರ ಹೇಳಬೇಕಾದವರು ಅವರು. ಮುಟ್ಟದಿದ್ದರೆ ಕೆಡುವುದಿಲ್ಲ ಎಂದು ಅವರು ನಂಬಿದ್ದರು.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಗರಗಸ ಹೊರಗೆ ಬರುತ್ತಿತ್ತು. ಅರಿಶಿನ, ಕುಂಕುಮ, ಚೆಂಡುಹೂವಿನ ಸರ. ಕಾಯಿ ಒಡೆದು ಕೈ ಮುಗಿದ ಮೇಲೆ ಮತ್ತೆ ಕಪಾಟಿಗೆ.

ಆ ಠಾಣೆಗೆ ಯಂಕೋಬ ಹೊಸದಾಗಿ ಬಂದ. ಅದೇ ಊರಿನವನು. ತರಬೇತಿಯಲ್ಲಿ ಅವನೂ ಗರಗಸ ಮುಟ್ಟಿದ್ದ. ಒಂದು ಗರಗಸ, ಉದ್ದನೆಯ ಸಾಲು, ಒಬ್ಬೊಬ್ಬರಿಗೆ ಒಂದೊಂದು ಸಲ ಹಗ್ಗ ಜಗ್ಗುವ ಭಾಗ್ಯ. ಅವನ ಸರದಿಗೆ ಅದು ಗುರ್ ಎಂದು ಆರಿಹೋಗಿತ್ತು. ಆದರೂ ಪಾಸಾಗಿದ್ದ.

ಠಾಣೆಯಲ್ಲಿ ಎಲ್ಲರಿಗಿಂತ ಹಳಬ ಹುಸೇನಪ್ಪ. ಮಾತು ಕಡಿಮೆ. ಯಂಕೋಬ ಬಂದ ದಿನವೇ ಹೋಗಿ ಅವನ ಮುಂದೆ ನಿಂತ.

"ಗುರುಗಳ, ನನಗ ಆ ಕೊಯ್ಯೂ ಮಷಿನ್ ಕಲಸ್ರಿ."

"ಯಾಕ?"

"ಶಟರ್ ಕೊಯ್ಯಾಕ."

"ಯಾರ ಶಟರ್?"

ಯಂಕೋಬ ಕೈಯೆತ್ತಿ ಊರಿನ ಕಡೆ ತೋರಿಸಿದ.

"ನಮ್ಮವ್ವ ಮೆಣಸಿನಕಾಯಿ ಗೋದಾಮಿಗೆ ಹೋಗ್ತಾಳ್ರಿ, ತೊಟ್ಟು ಮುರಿಯಾಕ. ಹೆಣ್ಮಕ್ಕಳು ಒಳಗ ಹೋದ ಮ್ಯಾಲ ಸಾವುಕಾರ ಹೊರಗಿನಿಂದ ಶಟರ್ ಎಳೆದು ಬೀಗ ಹಾಕಸ್ತಾನ್ರಿ. ಮಡಿಲಾಗ ಕಾಯಿ ಕದ್ದು ಒಯ್ತಾರಂತ. ಸಂಜಿಗೆ ತೆಗೀತಾರ."

"ಕಿಟಕಿ?"

"ಇಲ್ರಿ. ಮ್ಯಾಲ ಜಾಲರಿ ಐತಿ."

"ಸಾವುಕಾರಗ ಹೇಳಿಲ್ಲೇನು?"

"ಹೇಳೀನ್ರಿ. ನಕ್ಕ. ಬೆಂಕಿ ಆರಸಾಕ ನೀ ಬಂದಿಯಲ್ಲ, ಇನ್ನ ಯಾತರ ಅಂಜಿಕಿ ಅಂದ."

ಹುಸೇನಪ್ಪ ಎದ್ದ.

"ಒಲಿಗೆ ಒಂದು ಮೆಣಸಿನಕಾಯಿ ಬಿದ್ರ ಮನಿ ಮಂದಿಯೆಲ್ಲ ಕೆಮ್ಮಿಕೋತ ಅಂಗಳಕ್ಕ ಓಡ್ತಾರ," ಎಂದ. "ಅಲ್ಲಿ ಗೋದಾಮು ತುಂಬ ಐತಿ. ನಾಳೆ ಮುಂಜಾನಿ ಬಾ."

*

ಮರುದಿನ ಯಂಕೋಬ ಬಂದಾಗ ಗರಗಸ ಕಪಾಟಿನಲ್ಲೇ ಇತ್ತು. ಹುಸೇನಪ್ಪನ ಕಾಲ ಬಳಿ ಒಂದು ಎಣ್ಣೆ ಡಬ್ಬಿ ಇತ್ತು.

ಡಬ್ಬಿಯಲ್ಲಿ ಮರಳು, ಸರಿಯಾಗಿ ಗರಗಸದಷ್ಟೇ ಭಾರ. ಹಿಡಿಯಲು ಎರಡು ಕಟ್ಟಿಗೆ ತುಂಡು ಬಿಗಿದಿದ್ದ. ಮೂತಿಗೆ ಒಂದು ಸುಣ್ಣದ ಕಡ್ಡಿ ಕಟ್ಟಿದ್ದ.

"ಗ್ವಾಡಿ ಮ್ಯಾಲ ಒಂದು ಗೆರಿ ಎಳಿ. ಮ್ಯಾಲಿಂದ ಕೆಳಗ. ನೆಟ್ಟಗ."

ಯಂಕೋಬ ಎಳೆದ. ಕಣ್ಣಿನ ಮಟ್ಟದಲ್ಲಿ ನೆಟ್ಟಗಿತ್ತು. ಎದೆಯ ಹತ್ತಿರ ಸೊಟ್ಟಗಾಯಿತು. ಮೊಣಕಾಲಿನ ಬಳಿ ಹಾವಿನಂತೆ ಹರಿಯಿತು.

"ಏನಿದು?"

"ಗೆರಿ ರಿ."

"ಹೊಳಿ ಇದು. ಬಲಿ ಹಾಕಿದ್ರ ಮೀನು ಸಿಗ್ತಾವ. ಅಳಿಸು."

ಅಳಿಸಿ ಎಳೆದ. ಮತ್ತೆ ಅಳಿಸಿ ಮತ್ತೆ ಎಳೆದ. ಮಳೆಗಾಲದ ದಿನಗಳು ಹೀಗೇ ಕಳೆದವು. ಕೈಗವಸು ಹಾಕಿಕೊಂಡು ಎಳೆದ. ಮೊಣಕಾಲೂರಿ ಎಳೆದ. ಹೆಲ್ಮೆಟ್ಟಿನ ಮುಖದ ಗಾಜಿಗೆ ಒಲೆಯ ಬೂದಿ ಕಲಸಿ ಹಚ್ಚಿ, ಏನೂ ಕಾಣದಂತೆ ಮಾಡಿಕೊಂಡು ಎಳೆದ.

ಗಾಡಿಯ ಡ್ರೈವರ್ ಮೌಲಾಲಿ ದಿನಾ ಬೀಡಿ ಸೇದುತ್ತ ನೋಡುತ್ತಿದ್ದ.

"ಯಂಕೋಬಾ, ಡಬ್ಬಿ ಕೂಡ ಲಗ್ನ ಯಾವಾಗೋ? ಊಟಕ್ಕ ಕರಿ ಮತ್ತ."

ಒಂದು ದಿನ ಯಂಕೋಬ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ.

"ಸಾಕ್ರಿ ಗುರುಗಳ! ಆಡೋ ಹುಡುಗರ ಆಟ ಆತು ಇದು. ಖರೇ ಮಷಿನ್ ಯಾವಾಗ ಕೊಡ್ತೀರಿ?"

"ಅದು ನನ್ನ ಕಡೆ ಎಲ್ಲೈತಿ? ಗುಡಿಯೊಳಗ ಐತಿ."

"ಹಂಗಾದ್ರ ಸಾಹೇಬರನ್ನ ಕೇಳ್ರಿ."

"ಕೇಳಿ ಕೇಳಿ ನನ್ನ ಮೀಸಿ ಬೆಳ್ಳಗಾತು," ಎಂದ ಹುಸೇನಪ್ಪ. "ಈ ಸಲ ಕೇಳೂದಿಲ್ಲ."

ಯಂಕೋಬ ಗೋಡೆಯ ಕಡೆ ನೋಡಿದ. ಆ ದಿನದ ಗೆರೆ ಮೇಲಿನಿಂದ ಕೆಳಗಿನವರೆಗೂ ನೆಟ್ಟಗಿತ್ತು. ಅವನು ಅದನ್ನು ಗಮನಿಸಿಯೇ ಇರಲಿಲ್ಲ.

*

ಆಯುಧಪೂಜೆ ಬಂತು.

ಗಾಡಿಗೆ ಬಾಳೆಕಂದು ಕಟ್ಟಿದರು. ಏಣಿ, ಕೊಡಲಿ, ಪೈಪುಗಳನ್ನು ಸಾಲಾಗಿ ಜೋಡಿಸಿದರು. ನಡುವೆ ಕೆಂಪು ವಸ್ತ್ರದ ಮೇಲೆ ಗರಗಸ. ಸಾಹೇಬರು ತಾವೇ ಕುಂಕುಮ ಹಚ್ಚಿ, ಕಾಯಿ ಒಡೆದು, ಮಂಗಳಾರತಿ ಎತ್ತಿದರು.

ಆರತಿ ತೆಗೆದುಕೊಂಡ ಹುಸೇನಪ್ಪ ಬಾಗಿ ಗರಗಸದ ಹೂವಿನ ಸರ ತೆಗೆದು ಪಕ್ಕಕ್ಕಿಟ್ಟ. ಗರಗಸ ಎತ್ತಿಕೊಂಡ.

"ಏ ಹುಸೇನಪ್ಪ! ಏನ್ ಮಾಡ್ತೀಯ? ಇವತ್ತು ಆಯುಧ ಮುಟ್ಟಬಾರದು!" ಸಾಹೇಬರು ಕೂಗಿದರು.

"ಬೆಂಕಿಗೆ ಇವತ್ತು ರಜಾ ಐತೇನ್ರಿ ಸಾಹೇಬ್ರ?"

ಹೇಳುತ್ತಲೇ ಅವನು ಹಗ್ಗ ಜಗ್ಗಿದ.

ಗರಗಸ ಕೆಮ್ಮಲೂ ಇಲ್ಲ.

ಇನ್ನೊಮ್ಮೆ ಜಗ್ಗಿದ. ಮತ್ತೊಮ್ಮೆ ಜಗ್ಗಿದ. ಯಂಕೋಬನ ಕೈಗೆ ಕೊಟ್ಟ. ಅವನು ತೋಳು ಸೋಲುವವರೆಗೆ ಜಗ್ಗಿದ. ಮೌಲಾಲಿ ಜಗ್ಗಿದ. ಹಣೆಯ ತುಂಬ ಕುಂಕುಮ ಹಚ್ಚಿಕೊಂಡ ಗರಗಸ ಸತ್ತು ಬಿದ್ದಿತ್ತು.

ಊದಿನಕಡ್ಡಿ ಮಾತ್ರ ಉರಿಯುತ್ತಿತ್ತು.

"ಹೊಸ ಮಷಿನ್ನು," ಎಂದರು ಸಾಹೇಬರು. ದನಿ ಸಣ್ಣಗಾಗಿತ್ತು. "ಒಂದು ದಿನಾನೂ ಬಳಸಿಲ್ಲ."

"ಅದಕ್ಕs ಸತ್ತೈತ್ರಿ," ಎಂದ ಹುಸೇನಪ್ಪ. "ಹಳೇ ಪೆಟ್ರೋಲು ಒಳಗ ಕುಂತು ಜೇನುಮೇಣ ಆಗೈತಿ."

"ಯಾರಿಗೂ ಹೇಳಬೇಡ್ರಪ್ಪ."

"ಹೇಳೂದಿಲ್ರಿ. ಪೂಜೆಯೊಳಗ ಸತ್ತಿದ್ದು ಚಲೋ ಆತು. ಬೆಂಕಿಯ ಮುಂದ ಸತ್ತಿದ್ರ ಊರಿಗೆಲ್ಲ ತಾನs ತಿಳೀತಿತ್ತು."

ಅವನು ಅಲ್ಲೇ ಚಾಪೆಯ ಮೇಲೆ ಕುಳಿತು ಗರಗಸ ಬಿಚ್ಚಿದ. ಟ್ಯಾಂಕು ಬರಿದು ಮಾಡಿದ. ಪ್ಲಗ್ಗು ಉಜ್ಜಿದ. ಸೂಕ್ಷ್ಮ ತೂತುಗಳಿಗೆ ಬಾಯಿಟ್ಟು ಊದಿದ. ಒಂದೊಂದು ಭಾಗ ಬಿಚ್ಚಿದಾಗಲೂ ಯಂಕೋಬನ ಕೈಯಲ್ಲಿಟ್ಟ. ಒಂದೊಂದು ಭಾಗ ಜೋಡಿಸುವಾಗಲೂ ಅವನನ್ನೇ ಕೇಳಿದ.

"ಇನ್ನ ಯಾವುದು?"

"ಇದು ರಿ."

"ಅಲ್ಲ."

"ಇದು?"

"ಹ್ಞಾಂ."

ಪ್ರಸಾದದ ಹೊತ್ತಿಗೆ ಹೊಸ ಪೆಟ್ರೋಲ್ ಹಾಕಿ ಯಂಕೋಬನೇ ಜಗ್ಗಿದ. ಗರಗಸ ಒಮ್ಮೆ ಹೊಗೆ ಕಾರಿ ಅರಚಿತು. ಗಾಡಿಯ ಮೇಲೆ ಕುಳಿತಿದ್ದ ಕಾಗೆಗಳೆಲ್ಲ ಹಾರಿಹೋದವು. ಮೌಲಾಲಿ ಎರಡೂ ಕೈ ಎತ್ತಿ ಕುಣಿದ.

ಸಾಹೇಬರು ಮುಖ ಒರೆಸಿಕೊಂಡರು. ಜೇಬಿನಿಂದ ಕಪಾಟಿನ ಕೀಲಿ ತೆಗೆದು ಹುಸೇನಪ್ಪನ ಮುಂದೆ ಹಿಡಿದರು.

"ಅದು ಬ್ಯಾಡ್ರಿ," ಎಂದ ಹುಸೇನಪ್ಪ. "ಕಪಾಟಿನೊಳಗ ನಿಮ್ಮ ಚಾದ ಕಪ್ಪು ಬಶಿ ಇಡ್ರಿ."

*

ಆಮೇಲೆ ಗರಗಸ ಗಾಡಿಯಲ್ಲೇ ಇತ್ತು. ದಿನಾ ಮುಂಜಾನೆ ಯಂಕೋಬ ಅದನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆರಿಸುತ್ತಿದ್ದ. ಹಲ್ಲುಜ್ಜಿದಂತೆ.

ಕೊಯ್ಯಲು ಏನಾದರೂ ಬೇಕಿತ್ತು. ಮೇಲಿನವರಿಗೆ ಸಾಹೇಬರು ಕಾಗದ ಬರೆದರು. ಉತ್ತರ ಬರಲಿಲ್ಲ. ಬರುತ್ತದೆಂದು ಹುಸೇನಪ್ಪ ಕಾಯಲೂ ಇಲ್ಲ.

ಗುಜರಿ ಅಂಗಡಿಯಿಂದ ಮುರಿದ ಶಟರೊಂದನ್ನು ತಂದ. ಕೆಲಸ ಮುಗಿದ ಮೇಲೆ ಚೂರು ಕೂಡ ಬಿಡದೆ ವಾಪಸು ಕೊಡುತ್ತೇನೆ ಎಂದು ಹೇಳಿ ತಂದದ್ದು. ಗುಜರಿಯವನಿಗೆ ಇಡೀ ಶಟರೂ ಒಂದೇ, ಕೊಯ್ದ ಶಟರೂ ಒಂದೇ. ತೂಕಕ್ಕೇನು ಮೋಸವಿಲ್ಲ.

ಹಳೆಯ ಕಬ್ಬಿಣದ ಮಂಚವನ್ನು ನೆಟ್ಟಗೆ ನಿಲ್ಲಿಸಿ, ಶಟರಿನ ಪಟ್ಟಿಗಳನ್ನು ಅದಕ್ಕೆ ತಂತಿಯಿಂದ ಬಿಗಿದರು. ಅದೇ ಅವರ ಗೋದಾಮಿನ ಬಾಗಿಲು.

"ಬೀಗಾನೇ ಕೊಯ್ದ್ರ ಆಗೂದಿಲ್ಲೇನ್ರಿ?" ಯಂಕೋಬ ಕೇಳಿದ.

"ಬೆಂಕಿ ಕಾವಿಗೆ ಶಟರ್ ಬಾಗಿ ಅಲ್ಲೇ ಕಚ್ಚಿಕೋತೈತಿ. ಬೀಗ ಹೋದ್ರೂ ಮ್ಯಾಲ ಏಳೂದಿಲ್ಲ. ನಡುವ ಒಂದು ಉದ್ದ ಗೆರಿ ಕೊಯ್ಯಿ. ಆಮ್ಯಾಲ ಒಂದೊಂದು ಪಟ್ಟಿ ಹಿಡಿದು ಬದಿಗೆ ಎಳಿ."

ಯಂಕೋಬ ಕೊಯ್ದ. ಕಿಡಿಗಳು ಹಾರಿದವು. ಗೆರೆ ನೆಟ್ಟಗೆ ಇಳಿಯಿತು. ಪಟ್ಟಿಗಳು ಕೈಯಿಂದ ಬಳೆ ಕಳಚಿದಂತೆ ಬದಿಗೆ ಜಾರಿ ಬಂದವು.

ಅವನಿಗೆ ಆಗ ಅರ್ಥವಾಯಿತು, ಡಬ್ಬಿ ಏನು ಮಾಡಿತ್ತೆಂದು. ಗುರುವಿನ ಕಡೆ ನೋಡಿ ನಕ್ಕ. ಗುರು ನಗಲಿಲ್ಲ.

"ಬ್ಲೇಡು ಸವೀತೈತಿ. ದಿನಕ್ಕ ಒಂದೇ ಗೆರಿ. ಒಂದು ಗೆರಿ ಅಂದ್ರ ಒಂದು ಬಾಗಲಾ ಅಂತ ತಿಳಿ."

ದಿನಕ್ಕೊಂದು ಗೆರೆ. ಬೂದಿ ಹಚ್ಚಿದ ಗಾಜಿನ ಹಿಂದಿನಿಂದ, ಮೊಣಕಾಲೂರಿ, ಮೈಮೇಲೆ ಪೂರ್ತಿ ಸಮವಸ್ತ್ರ. ಪಕ್ಕದಲ್ಲಿ ಒಬ್ಬ ನೀರಿನ ಪೈಪು ಹಿಡಿದು ನಿಂತಿರುತ್ತಿದ್ದ, ಕಿಡಿಗೆ. ದಿನದಿಂದ ದಿನಕ್ಕೆ ಯಂಕೋಬನ ಕೈ ಚುರುಕಾಯಿತು. ಮೌಲಾಲಿ ಒಂದು ಬೀಡಿ ಹಚ್ಚಿ ಮುಗಿಸುವುದರೊಳಗೆ ಶಟರು ಎರಡಾಗುತ್ತಿತ್ತು.

"ನಿನ್ನ ಕೈಗೆ ಸಿಕ್ಕ್ರ ಸಾವುಕಾರನ ತಿಜೋರಿನೂ ಉಳಿಯೂದಿಲ್ಲ ಬಿಡಪಾ," ಎಂದ ಮೌಲಾಲಿ.

ಯಂಕೋಬ ಹಿಗ್ಗಿದ.

*

ಒಂದು ಮುಂಜಾನೆ ಹುಸೇನಪ್ಪ ಅವನಿಗಿಂತ ಮೊದಲೇ ಬಂದು ಶಟರು ಕಟ್ಟಿಟ್ಟಿದ್ದ.

"ಇವತ್ತು ನಿನಗ ಎಷ್ಟು ಜೋರು ಬರ್ತೈತಿ ಅಷ್ಟು ಜೋರು ಕೊಯ್ಯಿ."

ಯಂಕೋಬ ಗಾಡಿಯಿಂದ ಹಾರಿದ. ಗರಗಸ ಒಂದೇ ಜಗ್ಗಿಗೆ ಚಾಲೂ ಆಯಿತು. ಗೆರೆ ಮಿಂಚಿನಂತೆ ಇಳಿಯಿತು. ಪಟ್ಟಿ ಎಳೆದ. ಅಂದು ಮೌಲಾಲಿಯ ಬೀಡಿ ಅರ್ಧವೂ ಸುಟ್ಟಿರಲಿಲ್ಲ.

"ನೋಡ್ರಿ ಗುರುಗಳ!"

"ನೀನೇ ನೋಡು."

ಶಟರಿನ ಆಚೆ, ಅದಕ್ಕೆ ಒರಗಿಸಿ, ಹುಸೇನಪ್ಪ ಹುಲ್ಲು ತುಂಬಿದ ಗೋಣಿಚೀಲ ಇಟ್ಟಿದ್ದ. ಗರಗಸ ಅದನ್ನು ಉದ್ದಕ್ಕೂ ಸೀಳಿತ್ತು. ಹುಲ್ಲು ಹೊರಗೆ ಬಿದ್ದಿತ್ತು.

"ಚೀಲ ಇಟ್ಟಿದ್ದು ನನಗ ಹೇಳಿಲ್ಲಲ್ರಿ," ಎಂದ ಯಂಕೋಬ.

"ಹೊಗಿ ತುಂಬಿದಾಗ ಮನಷ್ಯಾ ಎಲ್ಲಿಗೆ ಓಡ್ತಾನ?"

"ಬಾಗಲಾಕ್ಕ."

"ಬಾಗಲಾ ತೆಗೀಲಿಲ್ಲ ಅಂದ್ರ?"

"ಬಡೀತಾನ."

"ಬಡದು ಬಡದು ಸಾಕಾದ ಮ್ಯಾಲ?"

ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕುಳಿತವಳು ಯಂಕೋಬನ ಕಣ್ಣ ಮುಂದೆ ಬಂದಿದ್ದಳು. ಅವಳ ಸೆರಗಿಗೆ ಮೆಣಸಿನಕಾಯಿಯ ಘಾಟು ಅಂಟಿತ್ತು.

ಅವನು ಗರಗಸ ಕೆಳಗಿಟ್ಟು ಠಾಣೆಯ ಹಿಂದೆ ಹೋದ. ಹೊಳೆಯ ಕಡೆ ಮುಖ ಮಾಡಿ ಕುಳಿತವನು ಊಟಕ್ಕೂ ಬರಲಿಲ್ಲ.

ಮರುದಿನ ಗರಗಸ ಎತ್ತಿದರೆ ಅವನ ಕೈ ನಡುಗಿತು. ಅದರ ಮರುದಿನವೂ ನಡುಗಿತು.

"ಗುರುಗಳ, ನನ್ನ ಪೈಪಿಗೆ ಹಾಕ್ರಿ. ಮಷಿನ್ ಬ್ಯಾರೆಯವರಿಗೆ ಕೊಡ್ರಿ."

"ಯಾರಿಗೆ?"

"ಯಾರಿಗಾರ."

"ನಡುಗದವನ ಕೈಗೆ ಕೊಡಾಕ ನನಗ ಅಂಜಿಕಿ," ಎಂದ ಹುಸೇನಪ್ಪ. "ನಾಳೆ ಬಾ. ಮಷಿನ್ ತರಬ್ಯಾಡ. ಸುಣ್ಣದ ಕಡ್ಡಿ ತಾ."

*

ಯಂಕೋಬ ಬಂದಾಗ ಹುಸೇನಪ್ಪ ಕಾಣಲಿಲ್ಲ. ಶಟರು ನಿಂತಿತ್ತು.

"ಗುರುಗಳ?"

ಸದ್ದಿಲ್ಲ.

ಮೌಲಾಲಿ ಗಾಡಿಯ ಬಳಿಯಿಂದ ಕೂಗಿದ: "ಅಂವ ಶಟರಿನ ಆಚೆ ಕುಂತಾನಪಾ, ಅದಕ್ಕs ಬೆನ್ನು ಹಚ್ಚಿ. ಎಲ್ಲಿ ಕುಂತಾನಂತ ನೀ ನೋಡಬಾರದಂತ. ಎಲ್ಲಿ ಕೊಯ್ತೀಯೋ ಅಲ್ಲಿ ಕಡ್ಡೀಲೆ ಗೆರಿ ಹಾಕಬೇಕಂತ."

"ತಪ್ಪಿದ್ರ?"

"ತಪ್ಪಿದ್ರ ಇವತ್ತು ಸುಣ್ಣ ಆಗ್ತೈತಿ, ನಾಳೆ ನೆತ್ತರ ಆಗ್ತೈತಿ ಅಂದಾನ."

ಯಂಕೋಬ ಶಟರಿನ ಮುಂದೆ ನಿಂತ. ಕೂಗಿದ.

"ಒಳಗ ಯಾರಿದ್ದೀರಿ? ಶಟರ್ ಬಿಟ್ಟು ಹಿಂದ ಸರೀರಿ!"

ಸದ್ದಿಲ್ಲ. ಹೊಗೆ ಕುಡಿದವನು ಉತ್ತರ ಕೊಡುವುದಿಲ್ಲ.

ಯಂಕೋಬ ಕೈಗವಸಿನ ಮುಷ್ಟಿಯಿಂದ ಶಟರಿನ ಎಡ ಅಂಚಿಗೆ ಬಡಿದ. ಝಣ್ ಎಂದಿತು. ಸ್ವಲ್ಪ ಬಲಕ್ಕೆ ಬಡಿದ. ಝಣ್. ಇನ್ನೂ ಬಲಕ್ಕೆ ಬಡಿದ. ದಪ್ ಎಂದಿತು.

ಅವನು ನಿಂತ. ಮತ್ತೆ ಬಡಿದ. ದಪ್. ಕೆಳಗೆ ದಪ್, ಎದೆಮಟ್ಟದಲ್ಲಿ ದಪ್, ಅದಕ್ಕೂ ಮೇಲೆ ಝಣ್.

ಅಂಗೈಯಿಂದ ಒತ್ತಿ ನೋಡಿದ. ಝಣ್ ಎಂದ ಕಡೆ ಶಟರು ಒಳಕ್ಕೆ ಬಾಗುತ್ತಿತ್ತು. ಮೊಂಡು ದನಿ ಬಂದ ಕಡೆ ಬಾಗುತ್ತಿರಲಿಲ್ಲ. ಅಲ್ಲಿ ಒಂದು ಬೆನ್ನಿತ್ತು.

ಎಡದ ತುದಿಯಲ್ಲಿ, ಆ ಬೆನ್ನಿನಿಂದ ದೂರಕ್ಕೆ, ಮೇಲಿನಿಂದ ಕೆಳಗೆ ಗೆರೆ ಎಳೆದ.

"ಇಲ್ಲಿ ಕೊಯ್ತೀನ್ರಿ."

ಹುಸೇನಪ್ಪ ಎದ್ದು ಬಂದ. ಗೆರೆ ನೋಡಿದ. ಶಿಷ್ಯನ ಕೈ ನೋಡಿದ. ಅದು ನಡುಗುತ್ತಿರಲಿಲ್ಲ.

"ಇಷ್ಟು ದಿನ ನೀ ಕಬ್ಬಿಣ ನೋಡಿ ಕೊಯ್ದಿ," ಎಂದ. "ಈಗ ಹೋಗಿ ಮಷಿನ್ ತಾ."

*

ಬೇಸಿಗೆ ಹತ್ತಿರವಾಯಿತು. ಗೋದಾಮಿಗೆ ಲಾರಿಗಟ್ಟಲೆ ಮೆಣಸಿನಕಾಯಿ ಬಂದು ಬಿತ್ತು. ಶಟರು ಮುಂಜಾನೆ ಇಳಿಯುತ್ತಿತ್ತು, ಸಂಜೆ ಏಳುತ್ತಿತ್ತು.

"ಗುರುಗಳ, ಈಗ ಅಲ್ಲಿ ಬೆಂಕಿ ಬಿದ್ರ ನಾ ಕೊಯ್ತೀನ್ರಿ. ಖಾತ್ರಿ ಐತಿ ನನಗ."

"ಗಾಡಿ ಮುಟ್ಟೂತನಕ ಅವರು ಏನ್ ಮಾಡಬೇಕು?"

ಯಂಕೋಬ ಗೋದಾಮಿನ ದಿಕ್ಕಿಗೆ ತಿರುಗಿ ನೋಡಿದ.

"ನಡಿ, ಸಾವುಕಾರನ ಕಡೆ ಹೋಗೂಣು."

"ಅಂವ ನಗ್ತಾನ್ರಿ."

"ನಗಲಿ. ಮೊದಲು ನೀ ಮಗ ಆಗಿ ಹೋಗಿದ್ದಿ. ಈಗ ಠಾಣೆಯಿಂದ ಹೋಗೂಣು."

ಮಧ್ಯಾಹ್ನ ಲಾರಿಯ ಚೀಲ ಇಳಿಸಲು ಶಟರು ಎತ್ತಿದ್ದರು. ಸಾವುಕಾರ ಗೋದಾಮಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಬಿಳಿ ಧೋತರ, ಬಿಳಿ ಅಂಗಿ. ಹುಸೇನಪ್ಪ ನಮಸ್ಕಾರ ಮಾಡಿದ.

"ನಿಮ್ಮ ಗೋದಾಮಿನ್ಯಾಗ ಒಂದು ಬೆಂಕಿ ಅಭ್ಯಾಸ ಮಾಡಬೇಕಂತ ಬಂದೀವ್ರಿ."

"ಮಾಡ್ರಿ ಮಾಡ್ರಿ. ಕೆಲಸ ಮಾತ್ರ ನಿಲ್ಲಬಾರದು ನೋಡ್ರಿ."

"ನಿಲ್ಲೂದಿಲ್ರಿ. ದಿನಾ ಹೆಂಗ ನಡೀತೈತಿ ಹಂಗs ನಡೀಲಿ. ಶಟರಿನ ಹತ್ತರದ ಚೀಲ ಅಷ್ಟು ಸರಿಸಿ, ನೆಲಕ್ಕ ನೀರು ಹೊಡೀತೀವಿ. ಹೆಣ್ಮಕ್ಕಳು ಒಳಗ ಇರ್ಲಿ. ನಿಮ್ಮ ಗುಮಾಸ್ತರು ಬೀಗ ಹಾಕಲಿ. ನಾವು ಠಾಣೆಗೆ ಹೋಗಿ, ಫೋನ್ ಬಂದ ಮ್ಯಾಲ ಬರ್ತೀವಿ. ಒಂದೇ ಒಂದು ಮಾತ್ರಿ. ಹೆಣ್ಮಕ್ಕಳಿಗೆ ಅಂಜಿಕಿ ಇರ್ತೈತಿ. ನೀವೂ ಒಳಗ ಕುಂತ್ರ ಅವರಿಗೆ ಧೈರ್ಯ."

ಒಳಗಿನಿಂದ ಒಬ್ಬಳು ಕಿಸಕ್ಕನೆ ನಕ್ಕಳು. "ಸಾವುಕಾರ್ರು ಬರೂದಿಲ್ಲ ಬಿಡ್ರಿ. ಧೋತರ ಕೆಂಪಾಗ್ತೈತಿ."

ಸಾವುಕಾರ ಎದ್ದು ನಿಂತ. "ಯಾಕ ಬರೂದಿಲ್ಲ? ನನ್ನ ಗೋದಾಮು. ಕುರ್ಚಿ ಒಳಗ ಹಾಕ್ರಿ."

ಯಂಕೋಬನ ತಾಯಿ ಹುಲಿಗೆಮ್ಮ ಮೆಣಸಿನಕಾಯಿ ರಾಶಿಯ ನಡುವೆ ಕುಳಿತಿದ್ದಳು. ಮೂಗಿಗೆ ಸೆರಗು ಕಟ್ಟಿದ್ದಳು. ಮಗನ ಕಡೆ ನೋಡಿದಳು.

ಹತ್ತಿರದ ಚೀಲ ಸರಿಸಿ ನೆಲಕ್ಕೆ ನೀರು ಹೊಡೆದ ಮೇಲೆ ಶಟರು ಇಳಿಯಿತು. ಗುಮಾಸ್ತ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದ.

ಹುಸೇನಪ್ಪ ಅವನನ್ನು ಕೇಳಿದ. "ದಿನಾ ಈ ಹೊತ್ತಿನ್ಯಾಗ ನೀವು ಎಲ್ಲಿರ್ತೀರಿ?"

"ಊಟಕ್ಕ ಮನಿಗೆ ಹೋಗಿರ್ತೀನ್ರಿ."

"ಕೀಲಿ?"

"ನನ್ನ ಕಡೇನೇ ಇರ್ತೈತ್ರಿ."

"ಹಂಗಾದ್ರ ಊಟಕ್ಕ ಹೋಗ್ರಿ. ದಿನಾ ಹೆಂಗೋ ಹಂಗs."

ಗುಮಾಸ್ತ ಹೋದ. ಗಾಡಿ ಠಾಣೆಗೆ ಹೋಯಿತು.

ಹೇಳಿಟ್ಟಿದ್ದಂತೆ ಗೋದಾಮಿನ ಎದುರಿನ ಅಂಗಡಿಯಿಂದ ಫೋನ್ ಬಂತು. ಮೌಲಾಲಿ ಗಂಟೆ ಬಾರಿಸುತ್ತ ಹೊರಟ. ಸಂತೆಯ ದಿನ. ಎತ್ತಿನ ಗಾಡಿ, ಆಟೋ, ತರಕಾರಿ ತಳ್ಳುಗಾಡಿ. ಮೌಲಾಲಿ ಬೈದ, ಹಾರ್ನ್ ಹೊಡೆದ, ಮತ್ತೆ ಬೈದ. ಜನ ಸರಿಯುವಷ್ಟು ಹೊತ್ತಿಗೆ ಸರಿದರು. ಯಂಕೋಬ ಗರಗಸ ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿ ಕುಳಿತಿದ್ದ. ಹುಸೇನಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಗೋದಾಮಿನ ಮುಂದೆ ಇಳಿದಾಗ ಒಳಗಿನಿಂದ ಬಡಿತ ಕೇಳುತ್ತಿತ್ತು. ಎಲ್ಲಿಯೂ ಬೆಂಕಿ ಇರಲಿಲ್ಲ, ಹೊಗೆಯೂ ಇರಲಿಲ್ಲ. ಮಧ್ಯಾಹ್ನದ ತಗಡಿನ ಕಾವು, ಮುಚ್ಚಿದ ಶಟರು, ಮೆಣಸಿನಕಾಯಿಯ ಧೂಳು. ದಿನಾ ಇರುವುದೇ.

"ತೆಗೀರಿ! ಏ, ತೆಗೀರಲೇ! ಉಸಿರು ಆಡವಲ್ದು!" ಸಾವುಕಾರನ ದನಿ. ಕೆಮ್ಮು. ಮತ್ತೆ ಬಡಿತ.

"ಸಾವುಕಾರ್ರ, ಮೂಗಿಗೆ ನನ್ನ ಸೆರಗು ಕೊಡ್ಲೇನ್ರಿ?" ಒಳಗೆ ಹೆಂಗಸರ ನಗು.

ಯಂಕೋಬ ಕೂಗಿದ. "ಶಟರ್ ಬಿಟ್ಟು ಹಿಂದ ಸರೀರಿ!"

"ಮೊದಲು ತೆಗಿಯೋ! ಗುಮಾಸ್ತ ಎಲ್ಲಿ?"

"ಊಟಕ್ಕ ಹೋಗ್ಯಾನ್ರಿ."

"ಊಟಕ್ಕ?" ಕೆಮ್ಮಿನ ನಡುವೆ ಆ ಮಾತು ಅರ್ಧಕ್ಕೆ ಮುರಿಯಿತು. "ಅವನ ಊಟಕ್ಕ ಬೆಂಕಿ ಹಚ್ಚ! ಏನಾರ ಮಾಡ್ರಿ. ಒಡೀರಿ, ಕೊಯ್ರಿ, ಏನಾರ ಮಾಡ್ರಿ!"

ಯಂಕೋಬ ಗುರುವಿನ ಕಡೆ ನೋಡಿದ. ಹುಸೇನಪ್ಪ ಆಕಾಶ ನೋಡುತ್ತಿದ್ದ.

"ಶಟರ್ ನಿಮ್ಮದು ರಿ ಸಾವುಕಾರ್ರ. ಕೊಯ್ಯಲ್ರಿ?"

"ಕೊಯ್ಯಲೇ!"

ಯಂಕೋಬ ಗರಗಸ ಚಾಲೂ ಮಾಡಲಿಲ್ಲ. ಮುಷ್ಟಿ ಎತ್ತಿ ಅಂಚಿನಿಂದ ಬಡಿಯುತ್ತ ಬಂದ. ಝಣ್. ಝಣ್. ನಡುವೆ ದಪ್. ಇತ್ತ ಕಡೆಯೂ ದಪ್. ಸಾವುಕಾರ ಕೈಯಗಲಿಸಿ ಶಟರಿಗೆ ಅಂಟಿಕೊಂಡಿದ್ದ. ಎಲ್ಲಿ ಬಡಿದರೂ ಬಡಿದ ಕಡೆಗೇ ಓಡಿ ಬರುತ್ತಿದ್ದ.

"ಅವ್ವಾ!" ಯಂಕೋಬ ಕೂಗಿದ. "ಸಾವುಕಾರ ಶಟರಿಗೆ ಬಿದ್ದಾನ. ನೀವು ಹಿಂದಕ್ಕ ಎಳೀರಿ!"

ಒಳಗೆ ಗದ್ದಲವಾಯಿತು. ಬಳೆಗಳ ಸದ್ದು. ಕುರ್ಚಿ ಬಿದ್ದ ಸದ್ದು. "ಏ, ಬಿಡ್ರಿ!" "ಸುಮ್ನ ಬರ್ರಿ ಸಾವುಕಾರ್ರ, ನಾವು ದಿನಾ ಇರ್ತೀವಿ, ಸಾಯೂದಿಲ್ಲ."

ಆಮೇಲೆ ಹುಲಿಗೆಮ್ಮನ ದನಿ, ದೂರದಿಂದ, ಸ್ಪಷ್ಟವಾಗಿ.

"ಎಲ್ಲಾರೂ ಹಿಂದಿನ ಗ್ವಾಡಿಗೆ ಅದೀವಿ. ಉಳಿದ ಚೀಲಾನೂ ಸರಿಸೀವಿ. ಕೊಯ್ಯಪಾ."

ಯಂಕೋಬ ಇನ್ನೊಮ್ಮೆ ಬಡಿದ. ಈ ತುದಿಯಿಂದ ಆ ತುದಿಯವರೆಗೆ ಶಟರು ಝಣ್ ಎಂದಿತು.

ಗರಗಸ ಅರಚಿತು. ನೀರಿನ ಪೈಪು ಪಕ್ಕದಲ್ಲಿ ಸಿದ್ಧವಾಗಿತ್ತು. ಗೆರೆ ಮೇಲಿನಿಂದ ಹೊರಟು, ಎದೆಮಟ್ಟ ದಾಟಿ, ಮೊಣಕಾಲು ದಾಟಿ, ನೆಲದವರೆಗೆ ನೆಟ್ಟಗೆ ಬಂತು. ಪಟ್ಟಿಗಳನ್ನು ಎಳೆದರು. ಒಳಗೆ ಬೆಳಕು ಬಿತ್ತು. ಬೆಳಕಿನಲ್ಲಿ ಕೆಂಪು ಧೂಳು ಕುಣಿಯುತ್ತಿತ್ತು.

ಸಾವುಕಾರ ಮೊದಲು ಬಂದ. ಧೋತರ ಕೆಂಪಾಗಿತ್ತು. ಕಣ್ಣು, ಮೂಗು ಎರಡೂ ಸೋರುತ್ತಿದ್ದವು. ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಬಂದರು. ಯಾರ ಮೈಮೇಲೂ ಗೀರಿಲ್ಲ.

ಆ ಹೊತ್ತಿಗೆ ಗುಮಾಸ್ತ ಕೈ ಒರೆಸಿಕೊಳ್ಳುತ್ತ ಬಂದ. ಕೊಯ್ದ ಶಟರು ನೋಡಿ ಬೆಚ್ಚಿ, ಸೊಂಟದಿಂದ ಕೀಲಿ ತೆಗೆದ.

"ಸಾವುಕಾರ್ರ, ಬೀಗ ತೆಗೀಲೇನ್ರಿ?"

ಹೆಂಗಸರು ನಕ್ಕ ನಗು ಸಂತೆಯವರೆಗೆ ಕೇಳಿತು.

ಹುಲಿಗೆಮ್ಮ ಮಾತ್ರ ನಗಲಿಲ್ಲ. ಹೋಗಿ ಬೇವಿನ ಮರದ ಕೆಳಗೆ ಕುಳಿತಳು.

"ಊಟದ ಹೊತ್ತು ಮುಗೀತು. ಒಳಗ ನಡೀರಿ," ಎಂದ ಗುಮಾಸ್ತ.

"ಬರೂದಿಲ್ಲ," ಎಂದಳು ಹುಲಿಗೆಮ್ಮ. "ಶಟರ್ ತೆರೆದಿಡತೀವಿ ಅನ್ನೂತನಕ ನಾ ಏಳೂದಿಲ್ಲ. ಮಡಿಲು ನೋಡಬೇಕಂದ್ರ ಸಂಜಿಗೆ ಹೊರಗ ನಿಂತು ನೋಡ್ಕೊಳ್ರಿ. ಒಂದು ಕಾಯಿ ಸಿಕ್ಕ್ರ ನನ್ನ ಕೇಳ್ರಿ."

ಇನ್ನೊಬ್ಬಳು ಬಂದು ಅವಳ ಪಕ್ಕ ಕುಳಿತಳು. ಮತ್ತೊಬ್ಬಳು. ಆಮೇಲೆ ಎಲ್ಲರೂ. ಮರದ ನೆರಳು ಸಾಲದೆ ಕೆಲವರು ಬಿಸಿಲಿನಲ್ಲೇ ಕುಳಿತರು.

ಗುಮಾಸ್ತ ಬಾಯಿ ತೆರೆದ. ಸಾವುಕಾರ ಕೈ ಎತ್ತಿ ತಡೆದ. ಕೆಮ್ಮು ಇನ್ನೂ ನಿಂತಿರಲಿಲ್ಲ. ಒಬ್ಬಳು ಕೊಟ್ಟ ತಂಬಿಗೆಯ ನೀರು ಕುಡಿದ. ಮುಖ ತೊಳೆದುಕೊಂಡ. ತಾನು ಹೊರಬಂದ ಕಂಡಿಯನ್ನು ಬಹಳ ಹೊತ್ತು ನೋಡಿದ.

"ಇನ್ನ ಮ್ಯಾಲ," ಎಂದ ಗುಮಾಸ್ತನಿಗೆ, "ಒಳಗ ಮಂದಿ ಇದ್ದಾಗ ಶಟರ್ ಇಳಿಸಬ್ಯಾಡ. ಇಳಿಸಿದ್ರ ನೀನೂ ಒಳಗ ಕುಂದರಬೇಕು."

"ಆತು," ಎಂದಳು ಹುಲಿಗೆಮ್ಮ. ಸೆರಗು ಝಾಡಿಸಿ ಎದ್ದಳು.

*

ಠಾಣೆಗೆ ಬಂದ ಮೇಲೆ ಯಂಕೋಬ ಗರಗಸ ಒರೆಸುತ್ತ ಕುಳಿತ. ಖುಷಿಯಾಗಿದ್ದ. ಆದರೂ ಏನೋ ಕೊರೆಯುತ್ತಿತ್ತು.

"ಗುರುಗಳ."

"ಹ್ಞೂಂ."

"ಅಲ್ಲಿ ಇನ್ನ ಬೀಗ ಇರೂದಿಲ್ಲ. ಬೆಂಕಿ ಬಿದ್ರೂ ನಮ್ಮವ್ವ ತಾನs ಎದ್ದು ಹೊರಗ ಬರ್ತಾಳ. ನಾ ಅಕಿ ಸಲುವಾಗಿ ಕಲಿತಿದ್ದೆ. ಇಷ್ಟು ದಿನ ಕಲಿತದ್ದೆಲ್ಲ ದಂಡ ಆತಲ್ರಿ?"

ಹುಸೇನಪ್ಪ ಗುಜರಿಯಿಂದ ತಂದ ಇನ್ನೊಂದು ಶಟರನ್ನು ಮಂಚಕ್ಕೆ ಬಿಗಿಯುತ್ತಿದ್ದ. ತಂತಿಯನ್ನು ಹಲ್ಲಿನಿಂದ ಜಗ್ಗಿ ಗಂಟು ಹಾಕಿದ. ತಿರುಗಿ ನೋಡಿದ.

"ದಂಡ ಆಗ್ಲಿ ಅಂತನs ಕಲೀಬೇಕು, ತಮ್ಮಾ. ಎತ್ತು ಮಷಿನ್."